ಸೆನೆಕಾ ಫಾಲ್ಸಿನ ಪ್ರಾರ್ಥನಾಮಂದಿರ

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ನದಿಯ ಜಲಶಕ್ತಿಯನ್ನು ನೆಚ್ಚಿ ಬೆಳೆದ ಗಿರಣಿಗಳ ಚಿಕ್ಕ ಪಟ್ಟಣವಾದ ಸೆನೆಕಾ ಫಾಲ್ಸ್ ಇಂದು ಲೋಕವಿಖ್ಯಾತವಾಗಿರುವುದು ಇಟ್ಟಿಗೆಯ ಒಂದು ನಿರಾಡಂಬರ ಕಟ್ಟಡದಿಂದ. ದಾಸ್ಯಪದ್ಧತಿಯನ್ನು ಧರ್ಮವಿರುದ್ಧವೆಂದು ಖಂಡಿಸುತ್ತಿದ್ದ ವೆಸ್ಲಿಯನ್ ಮೆಥಡಿಸ್ಟ್ ಪಂಥದವರು 1843ರಲ್ಲಿ ಕಟ್ಟಿಸಿದ ಈ ಪ್ರಾರ್ಥನಾಮಂದಿರದಲ್ಲಿಯೇ, 1848ರ ಜುಲೈ 19 ಮತ್ತು 20ರಂದು, ಸ್ತ್ರೀಯರ ಹಕ್ಕುಗಳ ವಿಚಾರಕ್ಕಾಗಿಯೇ ಕರೆದ ಆ ದೇಶದ ಪ್ರಥಮ ಸಮ್ಮೇಳನ ನೆರೆಯಿತು.

ಅದರ ಸಂಕಲ್ಪ ಮೂಡಿದ್ದು ಹತ್ತು ದಿನಗಳ ಮೊದಲು, ನೆರೆಯ ವಾಟರ್‌ಲೂ ಎಂಬಲ್ಲಿ, ಜೇನ್ ಹಂಟ್ ಅವರ ಮನೆಯ ಚಹಾಕೂಟದಲ್ಲಿ. ಅಲ್ಲಿ ಕಲೆತ ಐವರಲ್ಲಿ ಒಬ್ಬರಾದ ಎಲಿಜಬೆತ್ ಕೇಡಿ ಸ್ಟ್ಯಾಂಟನ್, 1776ರ ಸ್ವಾತಂತ್ರ್ಯಘೋಷಣೆಯ ಧಾಟಿಯನ್ನೇ ಹಿಡಿದು, ಪುರುಷರೊಡನೆ ಸ್ತ್ರೀಯರೂ ಸಮಾನರಾಗಿ ಸೃಷ್ಟಿಗೊಂಡವರೆಂದು ಸಾರುವ ಪ್ರತಿಜ್ಞಾಪತ್ರವನ್ನು ಸಿದ್ಧಪಡಿಸಿದರು. ವಿವಾಹಿತೆಗೆ ತನ್ನ ದುಡಿಮೆಯ ಕೂಲಿಯ ಮೇಲೂ ಒಡೆತನವಿಲ್ಲದಿದ್ದ ಕಾಲವದು.

ಎರಡನೆಯ ದಿನ ನಿರ್ಣಯಗಳು ಒಂದೊಂದಾಗಿ ಸರ್ವಾನುಮತದಿಂದ ಅಂಗೀಕೃತವಾದುವು. ಮತದಾನದ ಹಕ್ಕನ್ನು ಕೇಳಿದ ಒಂಬತ್ತನೆಯದು ಮಾತ್ರ ಸ್ನೇಹಿತರನ್ನೇ ಅಳುಕಿಸಿತು. ಇತರ ಬೇಡಿಕೆಗಳೂ ನಗೆಗೀಡಾದಾವೆಂದು, ಸ್ವತಃ ಸಮ್ಮೇಳನದ ಹಿರಿಯಳಾದ ಲುಕ್ರೀಷಿಯಾ ಮಾಟ್ ಅಂಜಿದ್ದಳು. ಆಗ ದಾಸ್ಯದಿಂದ ತಪ್ಪಿಸಿಕೊಂಡು ಬಂದು ಪತ್ರಿಕಾಸಂಪಾದಕನಾಗಿದ್ದ ಫ್ರೆಡರಿಕ್ ಡಗ್ಲಸ್ ಎದ್ದುನಿಂತು ಸ್ಟ್ಯಾಂಟನ್ನಳ ಪಕ್ಷವನ್ನು ಸಮರ್ಥಿಸಿದನು. ನಿರ್ಣಯ ಅಲ್ಪ ಬಹುಮತದಿಂದ ಗೆದ್ದಿತು. ಆ ಕಟ್ಟಡಕ್ಕೆ ಪಾವಿತ್ರ್ಯವನ್ನು ತಂದುಕೊಟ್ಟ ಗಳಿಗೆ ಇದೇ ಎಂಬುದು ನನ್ನ ದೃಢವಾದ ನಂಬಿಕೆ. ಸ್ವಂತ ಬಂಧುಗಳ ಸಂಕೋಚವನ್ನು ಗೆಲ್ಲುವುದು ಶತ್ರುವಿನ ವಿರೋಧವನ್ನು ಎದುರಿಸುವುದಕ್ಕಿಂತ ಕಠಿನ.

ಪ್ರತಿಜ್ಞಾಪತ್ರಕ್ಕೆ 68 ಮಂದಿ ಸ್ತ್ರೀಯರೂ 32 ಮಂದಿ ಪುರುಷರೂ ಸಹಿ ಹಾಕಿದರು. ಪತ್ರಿಕೆಗಳ ಅಪಹಾಸ್ಯಕ್ಕೆ ಹೆದರಿ ಕೆಲವರು ಹೆಸರನ್ನು ಹಿಂತೆಗೆದುಕೊಂಡರು. ಸಹಿ ಹಾಕಿದವರ ಪೈಕಿ, ಮನೆಯಲ್ಲಿ ಕುಳಿತು ಕೈಗವಸು ಹೊಲಿಯುತ್ತಿದ್ದ ತರುಣಿ ಷಾರ್ಲಟ್ ವುಡ್‌ವರ್ಡ್, 1920ರಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕನ್ನು ನೀಡಿದ ಸಂವಿಧಾನದ 19ನೆಯ ತಿದ್ದುಪಡಿ ಜಾರಿಗೆ ಬಂದಾಗ ಇನ್ನೂ ಜೀವಿಸಿದ್ದಳು. ಆದರೆ ಅಸ್ವಾಸ್ಥ್ಯದ ದೆಸೆಯಿಂದ ಮತಗಟ್ಟೆಗೆ ಹೋಗಲಾರದೆ ಹೋದಳು.

ಮಂದಿರವೋ ಕಾಲಾಂತರದಲ್ಲಿ ಪರಾಧೀನವಾಗಿ, ನಾಟಕಶಾಲೆಯಾಗಿ, ಮೋಟಾರು ಮಾರಾಟದ ಮಳಿಗೆಯಾಗಿ, ಕಟ್ಟಕಡೆಗೆ ಯಂತ್ರಗಳಿಂದ ಬಟ್ಟೆ ಒಗೆಯುವ ಅಂಗಡಿಯಾಗಿ, ಮೂಲ ಗೋಡೆಗಳ ಕೆಲವು ಭಾಗಗಳನ್ನಷ್ಟೆ ಉಳಿಸಿಕೊಂಡಿತು. 1980ರಲ್ಲಿ ಈ ಸ್ಥಳ ರಾಷ್ಟ್ರೀಯ ಚಾರಿತ್ರಿಕ ಉದ್ಯಾನಕ್ಕೆ ಸೇರಿತು. ಮುಂದೆ ಕಟ್ಟಡದ ಜೀರ್ಣೋದ್ಧಾರವೂ ಆಯಿತು. ಸ್ಟ್ಯಾಂಟನ್ನಳ ಮನೆಯೂ, ವಾಟರ್‌ಲೂವಿನ ಹಂಟ್ ಮತ್ತು ಚಹಾಕೂಟದ ಐವರಲ್ಲಿ ಇನ್ನೊಬ್ಬಳ ಮನೆತನವಾದ ಮೆಕ್ಲಿಂಟಾಕ್ ಕುಟುಂಬಗಳ ಮನೆಗಳೂ ಅದೇ ಉದ್ಯಾನಕ್ಕೆ ಸೇರಿರುವುದರಿಂದ, ಯಾತ್ರಿಕರು ಚಹಾಕೂಟದ ಮನೆಯಿಂದ ಹೊರಟು ಮಂದಿರಕ್ಕೆ ಬರುವುದೇ ಉಚಿತವಾದ ಕ್ರಮ.