ಎಪ್ಪತ್ತು ಸಾವಿರದ ಒಂದು ರಾತ್ರಿ

ಭಾವನಿಗೆ ಅರವತ್ತು ತುಂಬಿತು. ಶಾಂತಿ, ಹೋಮ, ಊಟ ಎಲ್ಲ ಮುಗಿದ ಮೇಲೆ ಮಕ್ಕಳಿಬ್ಬರೂ ಸೇರಿ ಅಪ್ಪ–ಅಮ್ಮನನ್ನು ಪ್ರವಾಸಕ್ಕೆ ಕಳಿಸುವುದೆಂದು ನಿಶ್ಚಯಿಸಿದರು. ದೇಶದೊಳಗೇ ಎಲ್ಲಿಯಾದರೂ ಸರಿ, ನಾಲ್ಕು ರಾತ್ರಿ. ಆದರೆ ಜೀವನದಲ್ಲಿ ಒಮ್ಮೆ ಅರಸರಂತೆ ಇದ್ದು ಬರಬೇಕು, ಖರ್ಚಿನ ಮಾತು ಎತ್ತಬಾರದು. ಮಕ್ಕಳು ತೆಗೆದಿಟ್ಟದ್ದು 3 ಲಕ್ಷ. ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಕೇಳಿದ್ದು ಉದಯಪುರ. ಪಿಛೋಲಾ ಸರೋವರದ ನಡುವೆ ತೇಲುವಂತೆ ಕಾಣುವ ಆ ಬಿಳಿ ಅರಮನೆಯ ಚಿತ್ರ ಅಕ್ಕನ ಮನಸ್ಸಿನಲ್ಲಿ ಎಷ್ಟೋ ವರ್ಷಗಳಿಂದ ಕೂತಿತ್ತು. ಚಳಿಗಾಲದಲ್ಲಿ ಒಂದು ರಾತ್ರಿಗೆ 70 ಸಾವಿರದ ಸುಮಾರು ಎಂದರು. ವರ್ಷದ ಕೊನೆಯ ವಾರವಾದರೆ ಲಕ್ಷ ದಾಟುತ್ತದೆ. ಭಾವ ಲೆಕ್ಕಪತ್ರ ನೋಡಿಯೇ ನೌಕರಿ ಮುಗಿಸಿದವರು. ತಕ್ಷಣ ಕೇಳಿದರು: “ಮಲಗೋದು ಅದೇ ಮಂಚದ ಮೇಲೆ ತಾನೆ? ಉಳಿದ ದುಡ್ಡು ಯಾವುದಕ್ಕೆ?”

ಆ ಪ್ರಶ್ನೆ ಹಿಡಿದುಕೊಂಡು ಹೊರಟಾಗ ನನಗೆ ತಿಳಿದದ್ದು ಇಷ್ಟು. ಈ ದೇಶದ ಒಂದೊಂದು ಮೂಲೆಯಲ್ಲಿ ನಾವು ದುಡ್ಡು ಕೊಡುವುದು ಒಂದೊಂದು ವಸ್ತುವಿಗೆ. ಮೊತ್ತ ಒಂದೇ ಇರಬಹುದು. ಅದರ ಒಳಗಿರುವುದು ಬೇರೆ.

ರಾಜಸ್ಥಾನದಲ್ಲಿ ಕೊಡುವುದು ಇತಿಹಾಸಕ್ಕೆ. ಉದಯಪುರದ ಆ ಅರಮನೆ 1746ರಷ್ಟು ಹಳೆಯದು, ಮಹಾರಾಣಾ ಎರಡನೇ ಜಗತ್‌ಸಿಂಗ್ ಕಟ್ಟಿಸಿದ್ದು. ಜೈಪುರದ ರಾಂಬಾಗ್ ಅರಮನೆ 1957ರಲ್ಲೇ ಹೋಟೆಲಾಯಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಮಾಜಿ ಅರಸರ ರಾಜಧನವನ್ನು ರದ್ದು ಮಾಡಿದ ಮೇಲಂತೂ, ನೂರಾರು ಕೋಣೆಗಳ ಕಟ್ಟಡದ ಸೂರು ಸೋರದಂತೆ ನೋಡಿಕೊಳ್ಳಬೇಕಾದರೆ ಅತಿಥಿಗಳಿಗೆ ಬಾಗಿಲು ತೆರೆಯುವುದೇ ಎಷ್ಟೋ ರಾಜಮನೆತನಗಳಿಗೆ ಉಳಿದ ದಾರಿಯಾಯಿತು. ನಮ್ಮ ಮೈಸೂರಿನ ಲಲಿತಮಹಲ್ ಕೂಡ 1974ರಲ್ಲಿ ಹೋಟೆಲಾಯಿತು. 1921ರಲ್ಲಿ ಅದನ್ನು ಕಟ್ಟಿಸಿದ್ದೇ ವೈಸ್‌ರಾಯ್ ಬಂದರೆ ಉಳಿಯಲೆಂದು.

ಇವೆಲ್ಲವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಜೋಧಪುರದ ಉಮೇದ್ ಭವನ. 1929ರಲ್ಲಿ ಅಡಿಗಲ್ಲು ಬಿದ್ದು 1943ರಲ್ಲಿ ಮುಗಿದ ಆ ಮಹಾ ಕಟ್ಟಡ ಶುರುವಾದದ್ದು ಬರಗಾಲದ ಕಾಮಗಾರಿಯಾಗಿ. ಮಳೆ ಕೈಕೊಟ್ಟು ಹೊಲ ಒಣಗಿದಾಗ ಸಾವಿರಾರು ಜನ ಅಲ್ಲಿ ಕಲ್ಲು ಹೊತ್ತು ಹೊಟ್ಟೆ ಹೊರೆದರು. 347 ಕೋಣೆಗಳು. ಇವತ್ತು ಅಲ್ಲಿನ ಒಂದು ರಾತ್ರಿಯ ಬಾಡಿಗೆ ಕೇಳಿದಾಗ, ಆ ಕಲ್ಲು ಹೊತ್ತವರ ಅಂದಿನ ದಿನಗೂಲಿ ಎಷ್ಟಿದ್ದಿರಬಹುದು ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಹಾಗೆಂದು ಹೋಗಬಾರದೆಂದು ಹೇಳುತ್ತಿಲ್ಲ. ಹೋದವರು ಆ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಲಿ.

ಬಿಲ್ಲಿನ ಇನ್ನೊಂದು ಸಾಲನ್ನೂ ಇಲ್ಲೇ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಶೇ 18. 7,500ರ ರೂಮಿಗೆ ಕೈಯಿಂದ ಹೋಗುವುದು 7,875. ಬಾಡಿಗೆ ಬರೀ ನೂರು ರೂಪಾಯಿ ಹೆಚ್ಚಿ 7,600 ಆಯಿತೆನ್ನಿ, ಕಟ್ಟಬೇಕಾದದ್ದು 8,968. ಮಧ್ಯಮ ವರ್ಗದವರು ಒಮ್ಮೆ ಒಳ್ಳೆಯ ಕಡೆ ಇರೋಣವೆಂದು ಹೊರಟಾಗ ಈ ಗೆರೆಯನ್ನು ನೋಡಿಕೊಳ್ಳಬೇಕು. 70 ಸಾವಿರದ ರೂಮಿಗಾದರೆ ತೆರಿಗೆಯೇ 12,600. ಭಾವ ಇದನ್ನು ಎರಡು ಸಲ ಗುಣಿಸಿ ನೋಡಿದರು.

ಲಡಾಖಿಗೆ ಬಂದರೆ ಅರಮನೆಯಿಲ್ಲ, ಡೇರೆ. ಆದರೂ ಅತ್ಯಂತ ಐಷಾರಾಮಿ ಡೇರೆಗಳಲ್ಲಿ ಇಬ್ಬರಿಗೆ ಒಂದು ರಾತ್ರಿಗೆ 50 ಸಾವಿರ ದಾಟುವುದುಂಟು. ಬಟ್ಟೆಯ ಗೋಡೆಗೆ ಇಷ್ಟೇಕೆ? ಅಲ್ಲಿ ವ್ಯಾಪಾರ ನಡೆಯುವುದು ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ. ಆಮೇಲೆ ಮಂಚ, ಕಂಬಳಿ, ಸ್ನಾನದ ಮನೆ ಎಲ್ಲವನ್ನೂ ಬಿಚ್ಚಿ ಕಟ್ಟಿಡಬೇಕು. ನಾಲ್ಕೂವರೆ ತಿಂಗಳಲ್ಲಿ ಹನ್ನೆರಡು ತಿಂಗಳ ಖರ್ಚು ಹುಟ್ಟಬೇಕು. ಟೊಮೆಟೊದಿಂದ ಗ್ಯಾಸ್ ಸಿಲಿಂಡರಿನವರೆಗೆ ಎಷ್ಟೋ ಸಾಮಾನು ಝೋಜಿ ಲಾ ಕಣಿವೆ ಹತ್ತಿ ಬರಬೇಕು, ಇಲ್ಲವೇ ಮನಾಲಿ ಕಡೆಯಿಂದ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿದವರು ಮೊದಲ ಎರಡು ದಿನ ಏನೂ ಮಾಡದೆ ಬಿದ್ದುಕೊಂಡು ಉಸಿರು ಹೊಂದಿಸಿಕೊಳ್ಳಬೇಕು; ಆ ಎರಡು ರಾತ್ರಿಗೂ ಬಾಡಿಗೆ ಉಂಟು. ಇಷ್ಟೆಲ್ಲದರ ನಡುವೆ ಬಿಲ್ಲಿನಲ್ಲಿ ಕಾಣಿಸದ ಒಂದು ವಸ್ತುವಿದೆ: ನೀರು. ವರ್ಷಕ್ಕೆ ಹತ್ತಿರಹತ್ತಿರ 100 ಮಿಲಿಮೀಟರ್ ಮಳೆಯ ಊರು ಅದು. ಹಿಮ ಕರಗಿ ಬಂದ ತೊರೆಯನ್ನು ಸರದಿಯ ಮೇಲೆ ಹಂಚಿಕೊಂಡು ಬಾರ್ಲಿ ಬೆಳೆಯುವ, ನೀರೇ ಬಳಸದ ಶೌಚಾಲಯ ಕಟ್ಟಿಕೊಂಡು ಬಾಳಿದ ಜನ. ಅಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಮೈಚಾಚುವುದು ಎಷ್ಟು ದುಬಾರಿ ಎಂಬುದನ್ನು ಯಾವ ಹೋಟೆಲಿನ ದರಪಟ್ಟಿಯೂ ಹೇಳುವುದಿಲ್ಲ.

ಅಂಡಮಾನಿನ ಲೆಕ್ಕ ಇದರದೇ ಸಮುದ್ರದ ರೂಪ. ವಿಮಾನ, ಮೇಲೆ ಸ್ವರಾಜ್ ದ್ವೀಪಕ್ಕೆ ಹಡಗು. ತಟ್ಟೆಗೆ ಬರುವ ಎಷ್ಟೋ ಪದಾರ್ಥ ಚೆನ್ನೈ, ಕೋಲ್ಕತ್ತಗಳಿಂದ ನೀರು ದಾಟಿ ಬಂದದ್ದು. ಅಕ್ಕನಿಗೆ ಹಡಗಿನ ಓಲಾಟ ಆಗದು. ಅದನ್ನು ಅಲ್ಲಿಗೇ ಬಿಟ್ಟೆವು.

ಕಬಿನಿಯ ಬಗ್ಗೆ ಮಾತ್ರ ಒಂದು ಇಡೀ ಸಂಜೆ ಮಾತಾಡಿದೆವು. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿತು. ಕರ್ನಲ್ ಜಾನ್ ವೇಕ್‌ಫೀಲ್ಡ್ ಮುಂದೆ ನಿಂತು ಬೆಳೆಸಿದ ಕಾರಾಪುರದ ಆ ಲಾಡ್ಜ್ ಹಿಂದೆ ಮೈಸೂರು ಮಹಾರಾಜರ ಬೇಟೆಯ ಬಂಗಲೆ. ಊಟ, ಸಫಾರಿ ಸೇರಿ ಈಗ ಅಲ್ಲಿ ತಲೆಗೆ 10 ಸಾವಿರ ದಾಟುತ್ತದೆ; ಹಿನ್ನೀರಿನ ದಂಡೆಯ ದೊಡ್ಡ ಖಾಸಗಿ ರೆಸಾರ್ಟುಗಳಲ್ಲಿ ಇಬ್ಬರಿಗೆ 40 ಸಾವಿರದಿಂದ ಮೇಲಕ್ಕೆ. ಆದರೆ ಎಷ್ಟೇ ಕೊಟ್ಟವರೂ ಕಾಡಿನೊಳಗೆ ಹೋಗುವುದು ಎಣಿಸಿಟ್ಟ ಅವೇ ವಾಹನಗಳಲ್ಲಿ, ಅವೇ ಹೊತ್ತಿನಲ್ಲಿ. ಇಲ್ಲಿ ನಾವು ಕೊಳ್ಳುವುದು ಬೇರೆಯವರಿಲ್ಲದ ಮೌನವನ್ನು. ಇನ್ನೊಂದು ವಿಚಿತ್ರ ಗಮನಿಸಿ. ಏಪ್ರಿಲ್ ಬಿಸಿಲಿಗೆ ರಾಜಸ್ಥಾನದ ಅರಮನೆಗಳ ಬಾಡಿಗೆ ಜಾರತೊಡಗುತ್ತದೆ. ಅದೇ ಏಪ್ರಿಲಿನಲ್ಲಿ ಕಬಿನಿಯ ನೀರು ಇಳಿದು, ದಂಡೆಯಲ್ಲಿ ಹಸಿರು ಹುಲ್ಲು ಚಿಗುರಿ, ಆನೆಗಳು ಹಿಂಡುಹಿಂಡಾಗಿ ಬರುವುದರಿಂದ ರೂಮು ಸಿಗುವುದೇ ಕಷ್ಟ.

ಆ ಹಿನ್ನೀರೂ ಬಿಟ್ಟಿ ಬಂದದ್ದಲ್ಲ. 1974ರಲ್ಲಿ ಅಣೆಕಟ್ಟೆ ತುಂಬಿದಾಗ ಹಳ್ಳಿಗಳು ಮುಳುಗಿದವು, ಮೂರು ವರ್ಷದ ಹಿಂದಷ್ಟೇ ಆನೆ ಹಿಡಿಯುವ ಕೊನೆಯ ಖೆಡ್ಡಾ ಕಂಡಿದ್ದ ಕಾಕನಕೋಟೆಯ ಕಾಡಿನ ಒಂದು ಭಾಗವೂ ಮುಳುಗಿತು. ಕಾಡನ್ನೇ ಮನೆ ಮಾಡಿಕೊಂಡಿದ್ದ ಜೇನುಕುರುಬರು ಅಂಚಿಗೆ ಬಂದರು. 2025ರ ಅಕ್ಟೋಬರ್–ನವೆಂಬರಿನಲ್ಲಿ ಸರಗೂರು ಕಡೆ ಹೊಲದಲ್ಲಿದ್ದ ರೈತರು ಹುಲಿಗೆ ಬಲಿಯಾದಾಗ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತು. ಹುಲಿ ಕಂಡರೆ ಪ್ರವಾಸಿಯ ದುಡ್ಡು ಸಾರ್ಥಕ; ಅದೇ ಹುಲಿ ಹತ್ತಿಹೊಲದಲ್ಲಿ ಕಂಡರೆ ಒಂದು ಮನೆಯ ದೀಪ ಆರುತ್ತದೆ. ಕಾಡಂಚಿನ ಊರುಗಳ ಹುಡುಗರಿಗೆ ಆ ರೆಸಾರ್ಟುಗಳಲ್ಲಿ ಚಾಲಕನ, ನ್ಯಾಚುರಲಿಸ್ಟನ, ಅಡುಗೆಯವನ ಕೆಲಸ ಎಷ್ಟು ಸಿಗುತ್ತಿದೆ ಎಂಬುದನ್ನು ನಾನು ಈಗ ಎಲ್ಲಿಗೆ ಹೋದರೂ ಮೊದಲು ಕೇಳುತ್ತೇನೆ. ಸ್ಟಾರ್‌ಗಳ ಸಂಖ್ಯೆಗಿಂತ ನನಗೆ ಅದು ಮುಖ್ಯ.

ಗೋಲ್ಡನ್ ಚಾರಿಯಟ್ ರೈಲನ್ನೂ ಕೇಳಿದೆವು. 2008ರಲ್ಲಿ ಓಡತೊಡಗಿದ, ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದೆಲ್ಲ ಹೆಸರಿಟ್ಟುಕೊಂಡ ನಮ್ಮ ರಾಜ್ಯದ ರೈಲು. ಈಗ ನಡೆಸುವುದು ಐಆರ್‌ಸಿಟಿಸಿ. ಐದು ರಾತ್ರಿಗೆ ತಲೆಗೆ 4 ಲಕ್ಷದ ಹತ್ತಿರ. ಬಾದಾಮಿ, ಪಟ್ಟದಕಲ್ಲುಗಳಿಗೆ ಬಸ್ಸಿನಲ್ಲಿ ಹೋಗಿ ಬಂದ ಭಾವನಿಗೆ ಇದು ಹಿಡಿಸಲಿಲ್ಲ, ನನಗೂ. ಹೊರದೇಶದಿಂದ ಬಂದವರಿಗೆ ಅದು ಸರಿಹೋದೀತು.

ಕೊನೆಗೆ ಆರಿಸಿದ್ದು ಕೇರಳ, ಅದೂ ಸುರಿಯುವ ಮಳೆಯಲ್ಲಿ. ಮಲಯಾಳಿಗಳ ಕರ್ಕಾಟಕ ಮಾಸ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಆಯುರ್ವೇದ ಚಿಕಿತ್ಸೆಗೆ ಹೇಳಿ ಮಾಡಿಸಿದ ಕಾಲ ಎಂಬ ನಂಬಿಕೆ ಅಲ್ಲಿದೆ. ಪ್ರವಾಸಿಗರ ಸೀಸನ್ ಮಾತ್ರ ಅಲ್ಲ. ಡಿಸೆಂಬರಿನಲ್ಲಿ 35 ಸಾವಿರ ಹೇಳುವ ಕುಮರಕಂನ ಸರೋವರದಂಚಿನ ಕುಟೀರ 16 ಸಾವಿರಕ್ಕೆ ಸಿಕ್ಕಿತು. ಮೂರು ರಾತ್ರಿಗೆ ತೆರಿಗೆ ಸೇರಿ 56,640. ನಾಲ್ಕನೆಯ ರಾತ್ರಿ ಹೌಸ್‌ಬೋಟ್: ಇಬ್ಬರಿಗೇ ಒಂದು ದೋಣಿ, ಅಡುಗೆಯವನೂ ಸೇರಿ ಮೂವರು ಸಿಬ್ಬಂದಿ, ಊಟವೆಲ್ಲ ಒಳಗೊಂಡು 22 ಸಾವಿರ. ವಿಮಾನ, ಕಾರು, ಅಕ್ಕನ ಮಂಡಿನೋವಿನ ಎಣ್ಣೆಸೇವೆ ಎಲ್ಲ ಕೂಡಿದರೂ ಮಕ್ಕಳ 3 ಲಕ್ಷದಲ್ಲಿ ಅರ್ಧವೂ ಮುಗಿಯಲಿಲ್ಲ.

ಆ ದೋಣಿಯ ಮೂಲ ಹೆಸರು ಕೆಟ್ಟುವಳ್ಳಂ, ಕಟ್ಟಿದ ದೋಣಿ. ಮೊಳೆಯಿಲ್ಲದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ್ದು. ಕುಟ್ಟನಾಡಿನ ಭತ್ತ ಸಾಗಿಸುತ್ತಿದ್ದವು. ರಸ್ತೆ, ಲಾರಿ ಬಂದ ಮೇಲೆ ಕೆಲಸವಿಲ್ಲದೆ ಕೂತವು. 1990ರ ದಶಕದಲ್ಲಿ ಮೇಲೊಂದು ಚಾವಣಿ ಕಟ್ಟಿ, ಮಂಚ ಹಾಕಿ ಪ್ರವಾಸಿಗರನ್ನು ಕೂರಿಸಿದರು. ಹಾಗೆ ಹಗ್ಗ ಹೊಲಿಯುವವರ ಕಸುಬೂ ಸ್ವಲ್ಪ ಉಳಿಯಿತು.

ದೋಣಿಯಿಂದ ಸಂಜೆ ಭಾವನ ಫೋನು ಬಂತು. ಹಿಂದೆ ಮಳೆಯ ಸದ್ದು.

“ಇಲ್ಲಿ ಕೇಳು. ಐದೂವರೆಗೇ ದೋಣಿ ತಂದು ದಂಡೆಗೆ ಕಟ್ಟಿಬಿಟ್ಟರು. ಇನ್ನೊಂದು ಗಂಟೆ ಸುತ್ತಿಸಪ್ಪ, ಬೇಕಾದರೆ ಹೆಚ್ಚಿಗೆ ಕೊಡ್ತೀನಿ ಅಂದೆ. ಆಗಲ್ಲ ಸರ್ ಅಂದ. ರಾತ್ರಿ ಕೆರೆ ಮೀನು ಹಿಡಿಯೋರದ್ದಂತೆ. ಈಗ ಬಲೆ ಹಾಕ್ತಾರಂತೆ.”

“ಬೇಜಾರಾಯ್ತಾ ಭಾವ?”

“ಇಲ್ಲಪ್ಪ. ನಿನ್ನಕ್ಕ ಆಗಲೇ ಕಿಟಕಿ ಹತ್ರ ಕೂತು ನೋಡ್ತಿದ್ದಾಳೆ. ಸಣ್ಣ ಸಣ್ಣ ದೋಣಿ, ಒಂದೊಂದರಲ್ಲೂ ಒಂದು ದೀಪ. ಏಳು ಎಣಿಸಿದ್ದೀವಿ ಇಲ್ಲಿವರೆಗೆ.”