ಅಪ್ಪ-ಅಮ್ಮನಿಗೆ ವಿಚಾಟ್, ಮಕ್ಕಳಿಗೆ ಇನ್‌ಸ್ಟಾಗ್ರಾಮ್: ವಿದೇಶದಲ್ಲಿರುವ ಚೀನೀ ಮಕ್ಕಳ ಗುರುತು ರೂಪಿಸುತ್ತಿರುವುದು ಯಾವುದು?

ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್‌ನಂತಹ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ ಎಂಬ ನಿಯಮ 2025ರ ಡಿಸೆಂಬರ್ 10ರಂದು ಜಾರಿಗೆ ಬಂದಿದೆ. ಮಕ್ಕಳ ಸುರಕ್ಷತೆ ಇದರ ಉದ್ದೇಶ. ಆದರೆ ವಲಸೆ ಕುಟುಂಬಗಳ ಮಕ್ಕಳು ತಮ್ಮಂಥವರನ್ನು ಕಂಡುಕೊಂಡಿದ್ದು ಇದೇ ಜಾಲತಾಣಗಳಲ್ಲಿ. 2021ರ ಜನಗಣತಿ ಪ್ರಕಾರ ಆ ದೇಶದಲ್ಲಿ ಸುಮಾರು 14 ಲಕ್ಷ ಜನ ಚೀನೀ ಮೂಲದವರು.

ಮೆಲ್ಬರ್ನ್‌ನಲ್ಲಿ ಹುಟ್ಟಿದ ಗ್ರೂಪ್

2018ರ ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನ್‌ನ ಕೆಲವು ಚೀನೀ ಮೂಲದ ಹೈಸ್ಕೂಲ್ ವಿದ್ಯಾರ್ಥಿಗಳು 'ಸಟಲ್ ಏಷ್ಯನ್ ಟ್ರೇಟ್ಸ್' ಎಂಬ ಫೇಸ್‌ಬುಕ್ ಗ್ರೂಪ್ ಶುರು ಮಾಡಿದರು. ಮನೆಯೊಳಗೆ ಚಪ್ಪಲಿ ಹಾಕಿದರೆ ಬೈಗುಳ, ಪರೀಕ್ಷೆಯ ಅಂಕಗಳ ಲೆಕ್ಕಾಚಾರ, ಬೈದ ಮೇಲೆ 'ಸಾರಿ' ಎನ್ನದೆ ಹಣ್ಣು ಹೆಚ್ಚಿ ತಂದಿಡುವ ಅಮ್ಮ, ತೈವಾನ್ ಮೂಲದ ಬಬಲ್ ಟೀ ಹುಚ್ಚು – ಇವೇ ಅಲ್ಲಿನ ಮೀಮ್‌ಗಳ ಸರಕು. ಕೆಲವೇ ತಿಂಗಳಲ್ಲಿ ಸದಸ್ಯರ ಸಂಖ್ಯೆ 10 ಲಕ್ಷ ಮುಟ್ಟಿತು. ಇದನ್ನು ನೋಡಿ ದಕ್ಷಿಣ ಏಷ್ಯಾ ಮೂಲದ ಯುವಜನರು 'ಸಟಲ್ ಕರಿ ಟ್ರೇಟ್ಸ್' ಕಟ್ಟಿಕೊಂಡರು.

ಶಾಲೆಯಲ್ಲಿ ಟಿಫಿನ್ ಡಬ್ಬಿ ತೆರೆಯಲು ನಾಚುತ್ತಿದ್ದ ಮಕ್ಕಳಿಗೆ, ಇದು ತನ್ನೊಬ್ಬನ ಮನೆಯ ಕಥೆಯಲ್ಲ ಎಂದು ಗೊತ್ತಾಯಿತು. ಮುಜುಗರದ ವಿಷಯ ನಗುವಿನ ವಿಷಯವಾಯಿತು. ಕೋವಿಡ್ ಕಾಲದಲ್ಲಿ ಇದೇ ಬಲ ಬೇರೆ ರೂಪ ಪಡೆಯಿತು. 2020ರ ಆರಂಭದಲ್ಲಿ ಫ್ರಾನ್ಸ್‌ನ ಏಷ್ಯಾ ಮೂಲದವರು 'ನಾನು ವೈರಸ್ ಅಲ್ಲ' ಎಂಬ ಹ್ಯಾಷ್‌ಟ್ಯಾಗ್ ಹರಿಬಿಟ್ಟರು.

ಒಂದೇ ಕುಟುಂಬ, ಬೇರೆ ಬೇರೆ ಆ್ಯಪ್

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಚೀನಾದಲ್ಲಿ ನಿರ್ಬಂಧಿತ. ಟಿಕ್‌ಟಾಕ್ ಚೀನೀ ಕಂಪನಿಯದ್ದೇ ಆದರೂ ಅಲ್ಲಿ ಸಿಗುವುದು 'ಡೌಯಿನ್' ಎಂಬ ಪ್ರತ್ಯೇಕ ಆ್ಯಪ್. ಹಾಗಾಗಿ ಸಿಡ್ನಿಯ ಹುಡುಗಿ ಮತ್ತು ಬೀಜಿಂಗ್‌ನಲ್ಲಿರುವ ಅವಳ ಚಿಕ್ಕಪ್ಪನ ಮಗಳು ನೋಡುವ ವಿಡಿಯೊ ಲೋಕಗಳೇ ಬೇರೆ. ಊರಿನ ಅಜ್ಜ-ಅಜ್ಜಿ, ಬಂಧುಗಳ ಜತೆ ಮಾತುಕತೆ ನಡೆಯುವುದು ವಿಚಾಟ್‌ನಲ್ಲಿ. ಅಲ್ಲಿ ಹೆಚ್ಚಾಗಿ ಇರುವವರು ಅಪ್ಪ-ಅಮ್ಮ. (ಟಿಕ್‌ಟಾಕ್, ವಿಚಾಟ್ ಎರಡನ್ನೂ ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿತು.)

2025ರ ಜನವರಿಯಲ್ಲಿ ಈ ಗೋಡೆ ಸ್ವಲ್ಪ ಬಿರುಕು ಬಿಟ್ಟಿತ್ತು. ಅಮೆರಿಕದಲ್ಲಿ ಟಿಕ್‌ಟಾಕ್ ನಿಷೇಧದ ಭೀತಿ ಎದುರಾದಾಗ ಅಲ್ಲಿನ ಬಳಕೆದಾರರು ಚೀನಾದ 'ಶಿಯಾವೊಹೊಂಗ್‌ಶು' ಆ್ಯಪ್‌ಗೆ ಗುಂಪುಗುಂಪಾಗಿ ಸೇರಿದರು.

ಭಾಷೆಯ ಗತಿ ಏನು?

ಸಟಲ್ ಏಷ್ಯನ್ ಟ್ರೇಟ್ಸ್‌ನ ತಮಾಷೆಯೆಲ್ಲ ನಡೆಯುವುದು ಇಂಗ್ಲಿಷಿನಲ್ಲಿ. ಹಾಗಾಗಿಯೇ ಚೀನಾ, ವಿಯೆಟ್ನಾಂ, ಕೊರಿಯಾ ಮೂಲದವರೆಲ್ಲ ಒಟ್ಟಿಗೆ ನಗಲು ಸಾಧ್ಯವಾಯಿತು. ಆದರೆ ಅಜ್ಜಿಯೊಡನೆ ಮಾತಾಡುವ ಭಾಷೆ ಮೀಮ್‌ನಿಂದ ಬರುವುದಿಲ್ಲ. ಹಾಂಗ್‌ಕಾಂಗ್, ಗುವಾಂಗ್‌ಡಾಂಗ್‌ ಕಡೆಯಿಂದ ವಲಸೆ ಹೋದ ಬಹಳಷ್ಟು ಕುಟುಂಬಗಳ ಮನೆಮಾತು ಕ್ಯಾಂಟನೀಸ್. ಆನ್‌ಲೈನ್‌ನ ಚೀನೀ ವಿಡಿಯೊಗಳಲ್ಲಿ ಮ್ಯಾಂಡರಿನ್‌ನದ್ದೇ ಮೇಲುಗೈ. ಅಂಥ ಮನೆಯ ಮಗು 'ಚೀನೀ' ವಿಡಿಯೊ ನೋಡಿದರೂ ಕೇಳಿಸುವುದು ಮನೆಮಾತಲ್ಲ.

ಬಬಲ್ ಟೀ, ಕಟ್ಟುನಿಟ್ಟಿನ ಅಮ್ಮ – ಇಷ್ಟಕ್ಕೆ ಒಂದು ಸಂಸ್ಕೃತಿ ಕುಗ್ಗಿಬಿಡುತ್ತದೆ ಎಂಬ ಟೀಕೆಯೂ ಇದೆ.

ಮುಂದೇನು?

ಹೊಸ ನಿಯಮ ಪಾಲಿಸದ ಕಂಪನಿಗಳಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ಬೀಳಬಹುದು. ವಾಟ್ಸ್‌ಆ್ಯಪ್‌ನಂತಹ ಸಂದೇಶ ಸೇವೆಗಳಿಗೆ ವಿನಾಯಿತಿ ಇದೆ. ಅಂದರೆ ಮನೆಯವರ ಜತೆಗಿನ ನಂಟಿಗೆ ದಾರಿ ಉಳಿದಿದೆ. ತಮ್ಮಂಥ ಅಪರಿಚಿತ ಸಮವಯಸ್ಕರನ್ನು ಹುಡುಕಿಕೊಳ್ಳುವ ದಾರಿ 16ರವರೆಗೆ ಕಿರಿದಾಗಿದೆ. ಜಾಲತಾಣ ಈ ಮಕ್ಕಳಿಗೆ ಜೊತೆಗಾರರನ್ನು ಕೊಟ್ಟಿತ್ತು, ಭಾಷೆಯನ್ನು ಕೊಟ್ಟಿರಲಿಲ್ಲ. ಅದನ್ನು ಕಲಿಸುವ ಕೆಲಸ ಹಿಂದಿನಂತೆಯೇ ಮನೆಯವರ ಮತ್ತು ವಾರಾಂತ್ಯದ ಭಾಷಾ ಶಾಲೆಗಳ ಪಾಲಿಗಿದೆ.