ರೂತ್ ಬ್ರೌನ್ ಕೇಳಿದ ಲೆಕ್ಕ
1948. ಹಾಡಲೆಂದು ನ್ಯೂಯಾರ್ಕಿಗೆ ಹೊರಟಿದ್ದ ರೂತ್ ಬ್ರೌನ್‌ಗೆ ದಾರಿಯಲ್ಲೇ ಕಾರು ಅಪಘಾತ. ಅಟ್ಲಾಂಟಿಕ್ ರೆಕಾರ್ಡ್ಸ್ ಜತೆಗಿನ ಒಪ್ಪಂದಕ್ಕೆ ಸಹಿ ಹಾಕಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ!

ಮುಂದೆ 1950ರಲ್ಲಿ ಬಂದ ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 11 ವಾರ ಮೊದಲ ಸ್ಥಾನದಲ್ಲಿತ್ತು. ಪುಟ್ಟ ಕಂಪನಿ ಬೆಳೆದು ನಿಂತಿತು. ಜನ ಅದನ್ನು ‘ರೂತ್ ಕಟ್ಟಿದ ಮನೆ’ ಎಂದೇ ಕರೆದರು.

ಆದರೆ 60ರ ದಶಕದಲ್ಲಿ ಅದೇ ರೂತ್ ಮನೆಗೆಲಸ ಮಾಡಿದರು, ಶಾಲಾ ಬಸ್ ಓಡಿಸಿದರು. ರೆಕಾರ್ಡಿಂಗ್ ಖರ್ಚನ್ನೆಲ್ಲ ಕಲಾವಿದರ ತಲೆಗೇ ಕಟ್ಟುತ್ತಿದ್ದ ಕಾಲ ಅದು. ರಾಯಲ್ಟಿ ಕೈಗೆ ಬರುವುದೆಲ್ಲಿ? ಎಂಥ ಅನ್ಯಾಯ!

ರೂತ್ ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಲೆಕ್ಕ ಕೇಳಿದರು. 1988ರಲ್ಲಿ ಕಂಪನಿ ಮಣಿಯಿತು. ಅವರಿಗಷ್ಟೇ ಅಲ್ಲ, ಇತರ ಹಳೆಯ ಕಲಾವಿದರಿಗೂ ರಾಯಲ್ಟಿ ಸಿಕ್ಕಿತು. ಮರುವರ್ಷ ಬ್ರಾಡ್‌ವೇಯ ‘ಬ್ಲ್ಯಾಕ್ ಅಂಡ್ ಬ್ಲೂ’ಗಾಗಿ ಟೋನಿ ಪ್ರಶಸ್ತಿ ಗೆದ್ದಾಗ ರೂತ್‌ಗೆ 61.